ಡೆಂಟಲ್ ಸ್ಕೂಲ್‌ಗೆ ಮೊದಲು ಒಂದು ಮಾಸ್ಟರ್ಸ್: ಬೇಕಾ, ಬೇಕಾದರೆ ಯಾವುದು?

ಅಮೆರಿಕದಲ್ಲಿ ಡೆಂಟಲ್ ಸ್ಕೂಲ್ ಸೇರಲು ಮಾಸ್ಟರ್ಸ್ ಡಿಗ್ರಿ ಬೇಕಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಒಂದು ವರ್ಷ ಎಲ್ಲಿಯೂ ಸೀಟು ಸಿಗದಿದ್ದರೆ ಮನೆಯಲ್ಲಿ ಮೊದಲು ಕೇಳಿಬರುವ ಮಾತೇ "ಸುಮ್ನೆ ಕೂರೋ ಬದಲು ಒಂದು ಮಾಸ್ಟರ್ಸ್ ಮಾಡ್ಲಿ" ಅನ್ನುವುದು. ಆ ಮಾತಿನ ಮೇಲೆ ನಲವತ್ತು, ಐವತ್ತು ಸಾವಿರ ಡಾಲರ್ ಖರ್ಚಾಗುತ್ತದೆ. ಕೆಲವರಿಗೆ ಅದರಿಂದ ಸೀಟು ಸಿಗುತ್ತದೆ. ಇನ್ನು ಕೆಲವರಿಗೆ ಗೋಡೆಗೆ ಇನ್ನೊಂದು ಸರ್ಟಿಫಿಕೇಟ್ ಸಿಗುತ್ತದೆ, ಅಷ್ಟೇ.

ಈ ಎರಡು ಗುಂಪಿನ ನಡುವಿನ ವ್ಯತ್ಯಾಸ ಹೆಚ್ಚಾಗಿ ಡಿಗ್ರಿಯ ಹೆಸರಿನಲ್ಲಿ ಇರುವುದಿಲ್ಲ. ಆ ಡಿಗ್ರಿಯಲ್ಲಿ ಯಾವ ಪಾಠ ಓದಿದರು, ಯಾರ ಜೊತೆ ಕೂತು ಓದಿದರು, ಅರ್ಜಿಯ ಯಾವ ದೋಷವನ್ನು ಮುಚ್ಚಲು ಓದಿದರು ಅನ್ನುವುದರಲ್ಲಿ ಇರುತ್ತದೆ. ಈ ಬರಹ ಮುಖ್ಯವಾಗಿ ಅಮೆರಿಕದಲ್ಲೇ ಬ್ಯಾಚುಲರ್ಸ್ ಮುಗಿಸಿದ, ಇಲ್ಲವೇ ಮುಗಿಸುತ್ತಿರುವ ಮಕ್ಕಳಿಗೆ ಮತ್ತು ಅವರ ಅಪ್ಪ ಅಮ್ಮಂದಿರಿಗೆ. ಕರ್ನಾಟಕದಲ್ಲಿ ಬಿಡಿಎಸ್ ಮುಗಿಸಿ ಇಲ್ಲಿಗೆ ಬಂದವರ ದಾರಿ ಪೂರ್ತಿ ಬೇರೆ. ಅವರಿಗೆ ಕೊನೆಯಲ್ಲಿ ಪ್ರತ್ಯೇಕವಾಗಿ ಬರೆದಿದ್ದೇನೆ.

ಹೆಜ್ಜೆ 1: ಆಡ್ಸಾಸ್ ಲೆಕ್ಕದಲ್ಲಿ ನಿಮ್ಮ ಜಿಪಿಎ ಎಷ್ಟು?

ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಇರುವ ಜಿಪಿಎ (4ಕ್ಕೆ ಲೆಕ್ಕ ಹಾಕಿದ ಗ್ರೇಡುಗಳ ಸರಾಸರಿ) ನೋಡಿಕೊಂಡು ಯಾವ ತೀರ್ಮಾನಕ್ಕೂ ಬರಬೇಡಿ. ಅಮೆರಿಕದ 70ಕ್ಕೂ ಹೆಚ್ಚು ಡೆಂಟಲ್ ಸ್ಕೂಲ್‌ಗಳಲ್ಲಿ ಬಹುಪಾಲು ಶಾಲೆಗಳಿಗೆ ಅರ್ಜಿ ಹೋಗುವುದು ಆಡ್ಸಾಸ್ ಎಂಬ ಒಂದೇ ಕಿಟಕಿಯ ಮೂಲಕ. ಆಡ್ಸಾಸ್ ನಿಮ್ಮ ಎಲ್ಲ ಕಾಲೇಜುಗಳ ಎಲ್ಲ ಗ್ರೇಡುಗಳನ್ನೂ ತೆಗೆದುಕೊಂಡು ತನ್ನದೇ ಲೆಕ್ಕ ಹಾಕುತ್ತದೆ. ಅದರಲ್ಲಿ ಎರಡು ವಿಷಯ ಗಮನಿಸಬೇಕು.

ಒಂದು, ಒಂದು ಕೋರ್ಸನ್ನು ಎರಡು ಸಲ ತೆಗೆದುಕೊಂಡಿದ್ದರೆ ಎರಡೂ ಗ್ರೇಡು ಲೆಕ್ಕಕ್ಕೆ ಬರುತ್ತವೆ. ನಿಮ್ಮ ಕಾಲೇಜು ಹಳೆಯ ಡಿ ಗ್ರೇಡನ್ನು ತೆಗೆದುಹಾಕಿ ಹೊಸ ಬಿ ಗ್ರೇಡನ್ನು ಮಾತ್ರ ತೋರಿಸುತ್ತಿರಬಹುದು. ಆಡ್ಸಾಸ್ ಹಾಗೆ ಮಾಡುವುದಿಲ್ಲ. ಹೈಸ್ಕೂಲಿನಲ್ಲಿದ್ದಾಗ ಕಮ್ಯುನಿಟಿ ಕಾಲೇಜಿನಲ್ಲಿ ತೆಗೆದುಕೊಂಡು ಮರೆತುಬಿಟ್ಟ ಕೋರ್ಸೂ ಇಲ್ಲಿ ಬಂದು ಕೂರುತ್ತದೆ.

ಎರಡು, ಅಂಕಗಳನ್ನು ಬೇರೆ ಬೇರೆ ಖಾನೆಗೆ ಹಾಕುತ್ತದೆ. ಒಟ್ಟು ಜಿಪಿಎ ಒಂದು, ವಿಜ್ಞಾನದ ಜಿಪಿಎ ಇನ್ನೊಂದು, ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್ ಮೂರೇ ಸೇರಿಸಿದ್ದು ಮತ್ತೊಂದು. ಮುಖ್ಯವಾದ ಮಾತು ಇದು: ಗ್ರಾಜುಯೇಟ್ ಮಟ್ಟದ ಕೋರ್ಸುಗಳ ಜಿಪಿಎ ಪ್ರತ್ಯೇಕ ಖಾನೆಗೆ ಹೋಗುತ್ತದೆ. ಅಂದರೆ ಮಾಸ್ಟರ್ಸ್‌ನಲ್ಲಿ 3.9 ತೆಗೆದರೂ ಅಂಡರ್‌ಗ್ರಾಡ್ 3.0 ಇದ್ದದ್ದು 3.0 ಆಗಿಯೇ ಉಳಿಯುತ್ತದೆ.

ಇದು ಗೊತ್ತಿಲ್ಲದೆ ಎಷ್ಟೋ ಜನ "ಮಾಸ್ಟರ್ಸ್ ಮಾಡಿದರೆ ಜಿಪಿಎ ಮೇಲೆ ಬರುತ್ತೆ" ಅಂದುಕೊಂಡು ಸೇರುತ್ತಾರೆ. ಅಂಡರ್‌ಗ್ರಾಡ್ ಸಂಖ್ಯೆಯನ್ನೇ ಮೇಲೆತ್ತಬೇಕಾದರೆ ಬ್ಯಾಚುಲರ್ಸ್ ನಂತರವೂ ಅಂಡರ್‌ಗ್ರಾಡ್ ಮಟ್ಟದ ಕೋರ್ಸುಗಳನ್ನೇ ಓದಬೇಕು. ಅದಕ್ಕೆ ಪೋಸ್ಟ್‌ಬ್ಯಾಕ್ ಅನ್ನುತ್ತಾರೆ. ಅದೂ ಎಷ್ಟು ಏರುತ್ತದೆ? ಲೆಕ್ಕ ಹಾಕಿ ನೋಡಿ. 120 ಕ್ರೆಡಿಟ್‌ಗೆ 3.0 ಇದೆ ಅಂತ ಇಟ್ಟುಕೊಳ್ಳಿ. ಮತ್ತೆ 30 ಕ್ರೆಡಿಟ್ ಓದಿ ಎಲ್ಲದರಲ್ಲೂ ಎ ತೆಗೆದರೆ ಒಟ್ಟು 3.2 ಆಗುತ್ತದೆ. ಒಂದು ವರ್ಷದ ದುಡಿಮೆಗೆ 0.2. ವಿಜ್ಞಾನದ ಖಾನೆಯಲ್ಲಿ ಏರಿಕೆ ಜಾಸ್ತಿ ಕಾಣುತ್ತದೆ: 60 ಕ್ರೆಡಿಟ್‌ಗೆ 2.8 ಇದ್ದರೆ, ಮತ್ತೆ 30 ಕ್ರೆಡಿಟ್ ಎ ಗ್ರೇಡಿನಿಂದ ಅದು 3.2 ಮುಟ್ಟುತ್ತದೆ.

ಇಡೀ ದೇಶದಲ್ಲಿ ಸೀಟು ಸಿಕ್ಕವರ ಸರಾಸರಿ ಜಿಪಿಎ 3.6ರ ಆಸುಪಾಸಿನಲ್ಲಿ ಇರುತ್ತದೆ. ಸರಾಸರಿ ಅಂದ ಮೇಲೆ ಅದಕ್ಕಿಂತ ಕಡಿಮೆ ಇದ್ದವರೂ ಸೇರಿರುತ್ತಾರೆ ಅಂತಾಯಿತು. 3.4 ಇದ್ದವರು ಗಾಬರಿಯಿಂದ ಮಾಸ್ಟರ್ಸ್ ಹುಡುಕುವುದು ನನಗೆ ಸರಿ ಕಾಣುವುದಿಲ್ಲ.

ಟೆಕ್ಸಾಸ್‌ನಲ್ಲಿ ಇರುವವರಿಗೆ ಒಂದು ಮಾತು. ಅಲ್ಲಿನ ಸರ್ಕಾರಿ ಡೆಂಟಲ್ ಸ್ಕೂಲ್‌ಗಳಿಗೆ ಟಿಎಂಡಿಎಸ್‌ಎಎಸ್ ಎಂಬ ಬೇರೆ ಅರ್ಜಿ ವ್ಯವಸ್ಥೆ ಇದೆ. ಸೀಟುಗಳಲ್ಲಿ ಹೆಚ್ಚಿನ ಪಾಲು ಟೆಕ್ಸಾಸ್ ನಿವಾಸಿಗಳಿಗೇ ಹೋಗುತ್ತದೆ. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಕಡೆಯ ನಮ್ಮವರು ಎರಡೂ ಕಡೆ ಲೆಕ್ಕ ಹಾಕಿಕೊಳ್ಳಬೇಕು.

ಹೆಜ್ಜೆ 2: ದೋಷ ಎಲ್ಲಿದೆ ಅಂತ ಹುಡುಕಿ

ಮಾಸ್ಟರ್ಸ್‌ನಿಂದ ಸರಿಯಾಗುವ ದೋಷ ಒಂದೇ ಒಂದು. ಕಷ್ಟದ ವಿಜ್ಞಾನದ ಪಾಠಗಳನ್ನು ಈ ವಿದ್ಯಾರ್ಥಿ ತಾಳಿಕೊಳ್ಳುತ್ತಾನಾ, ತಾಳಿಕೊಳ್ಳುತ್ತಾಳಾ ಅನ್ನುವ ಅನುಮಾನ. ಉಳಿದ ಯಾವುದಕ್ಕೂ ಅದು ಮದ್ದಲ್ಲ.

ಡ್ಯಾಟ್, ಅಂದರೆ ಡೆಂಟಲ್ ಸ್ಕೂಲ್ ಪ್ರವೇಶ ಪರೀಕ್ಷೆ. ಇದರ ಸ್ಕೋರ್ ಕಡಿಮೆ ಇದ್ದರೆ ಡ್ಯಾಟ್ ಮತ್ತೆ ಬರೆಯಿರಿ. ಎರಡು ಪ್ರಯತ್ನಗಳ ನಡುವೆ 60 ದಿನ ಕಾಯಬೇಕು. ಖರ್ಚು ಮಾಸ್ಟರ್ಸ್‌ನ ನೂರರಲ್ಲಿ ಒಂದೆರಡು ಪಾಲು. 2025ರ ಮಾರ್ಚ್ 1ರಿಂದ ಡ್ಯಾಟ್ ಅಂಕದ ಅಳತೆ ಬದಲಾಗಿದೆ. ಹಿಂದೆ 1ರಿಂದ 30 ಇತ್ತು, ಈಗ 200ರಿಂದ 600. ಹಾಗಾಗಿ "20 ಬಂದರೆ ಸಾಕು" ಅನ್ನುವ ಹಳೆಯ ಸಲಹೆಗಳನ್ನು ಹಾಗೇ ನಂಬಬೇಡಿ. ಮಾಸ್ಟರ್ಸ್‌ಗೆ ಎರಡು ವರ್ಷ ಕೊಟ್ಟರೆ ನಿಮ್ಮ ಈಗಿನ ಸ್ಕೋರ್ ಹಳಸುವ ಸಾಧ್ಯತೆಯೂ ಇದೆ. ಹಲವು ಶಾಲೆಗಳು ಎರಡು ಮೂರು ವರ್ಷಕ್ಕಿಂತ ಹಳೆಯದನ್ನು ಒಪ್ಪುವುದಿಲ್ಲ.

ಶ್ಯಾಡೋಯಿಂಗ್, ಅಂದರೆ ಡೆಂಟಿಸ್ಟ್ ಜೊತೆ ನಿಂತು ಕೆಲಸ ನೋಡುವುದು. ಇದು ಕಡಿಮೆ ಇದ್ದರೆ ಊರಿನ ನಾಲ್ಕು ಕ್ಲಿನಿಕ್‌ಗೆ ಫೋನ್ ಮಾಡಿ. ನೂರು ಗಂಟೆ ಅನ್ನುವುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಪರಿಚಯದ ಅಂಕಲ್ ಒಬ್ಬರ ಕ್ಲಿನಿಕ್‌ನಲ್ಲೇ ನೂರೂ ಗಂಟೆ ಕಳೆಯುವುದಕ್ಕಿಂತ ಜನರಲ್ ಡೆಂಟಿಸ್ಟ್, ಆರ್ಥೊಡಾಂಟಿಸ್ಟ್, ಬಡವರಿಗಾಗಿ ನಡೆಯುವ ಕಮ್ಯುನಿಟಿ ಕ್ಲಿನಿಕ್ ಹೀಗೆ ಬೇರೆ ಬೇರೆ ಕಡೆ ನಿಂತರೆ ಇಂಟರ್‌ವ್ಯೂನಲ್ಲಿ ಮಾತಾಡಲು ಏನಾದರೂ ಇರುತ್ತದೆ.

ಅರ್ಜಿ ತಡವಾಗಿ ಹಾಕಿದ್ದಿರಾ? ಇದು ತುಂಬ ಸಾಮಾನ್ಯವಾದ, ಯಾರೂ ಒಪ್ಪಿಕೊಳ್ಳದ ಕಾರಣ. ಆಡ್ಸಾಸ್ ಮೇ ತಿಂಗಳಲ್ಲಿ ತೆರೆಯುತ್ತದೆ. ಜೂನ್ ಹೊತ್ತಿಗೆ ಅರ್ಜಿ ಕಳಿಸಿದವರು ಸಾಲಿನ ಮುಂದೆ ಇರುತ್ತಾರೆ. ಅಕ್ಟೋಬರ್‌ನಲ್ಲಿ ಕಳಿಸಿದವರಿಗೆ ಇಂಟರ್‌ವ್ಯೂ ಜಾಗಗಳೇ ಹೆಚ್ಚು ಉಳಿದಿರುವುದಿಲ್ಲ. ಹೀಗಾಗಿದ್ದರೆ ಮುಂದಿನ ಸಲ ಜೂನ್‌ನಲ್ಲಿ ಹಾಕಿ. ಅದಕ್ಕೆ ಮಾಸ್ಟರ್ಸ್ ಯಾಕೆ?

ಸೀಟು ಸಿಗದ ಶಾಲೆಗಳಿಗೆ ಇಮೇಲ್ ಬರೆದು "ಮುಂದಿನ ಸಲಕ್ಕೆ ಏನು ಸರಿಪಡಿಸಿಕೊಳ್ಳಲಿ" ಅಂತ ಕೇಳಿ. ಎಲ್ಲ ಶಾಲೆಗಳೂ ಉತ್ತರ ಕೊಡುವುದಿಲ್ಲ. ಕೊಡುವವರು ಮಾತ್ರ ಬಹಳ ನೇರವಾಗಿ ಹೇಳುತ್ತಾರೆ. "ಅಪ್ಪರ್ ಲೆವೆಲ್ ಸೈನ್ಸ್ ಗ್ರೇಡು ಸಾಲದು" ಅಂತ ಎರಡು ಶಾಲೆ ಹೇಳಿದರೆ ಆಗ ಮುಂದಿನ ಹೆಜ್ಜೆಗೆ ಬನ್ನಿ.

ಹೆಜ್ಜೆ 3: ಯಾವ ಬಗೆಯ ಓದು?

ಪೋಸ್ಟ್‌ಬ್ಯಾಕ್ ಡಿಗ್ರಿಯಲ್ಲ. ಆದರೂ ಇದನ್ನು ಮೊದಲು ಹೇಳಬೇಕು. ಜಿಪಿಎ 2.8ಕ್ಕಿಂತ ಕೆಳಗೆ ಇದ್ದರೆ, ಅಥವಾ ಆರ್ಗಾನಿಕ್ ಕೆಮಿಸ್ಟ್ರಿಯಲ್ಲಿ ಸಿ ಮೈನಸ್ ಥರದ ಗ್ರೇಡು ಕಡ್ಡಾಯ ಕೋರ್ಸುಗಳಲ್ಲೇ ಇದ್ದರೆ ಇದೇ ಸರಿಯಾದ ಜಾಗ. ಹಲವು ಶಾಲೆಗಳು ಕಡ್ಡಾಯ ಕೋರ್ಸಿನಲ್ಲಿ ಸಿ ಗಿಂತ ಕಡಿಮೆ ಇದ್ದರೆ ಒಪ್ಪುವುದಿಲ್ಲ. ಮಾಸ್ಟರ್ಸ್ ಮಾಡಿದರೂ ಆ ಖಾಲಿ ಜಾಗ ಹಾಗೇ ಇರುತ್ತದೆ. ಹತ್ತಿರದ ಸ್ಟೇಟ್ ಯೂನಿವರ್ಸಿಟಿಯಲ್ಲಿ ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ, ಫಿಸಿಯಾಲಜಿ, ಅನಾಟಮಿ, ಸೆಲ್ ಬಯಾಲಜಿ ಹೀಗೆ ಒಂದೊಂದಾಗಿ ತೆಗೆದುಕೊಳ್ಳಬಹುದು. ಕಮ್ಯುನಿಟಿ ಕಾಲೇಜು ಇನ್ನೂ ಅಗ್ಗ. ಆದರೆ ಮೊದಲೇ ವಿಜ್ಞಾನದಲ್ಲಿ ಅನುಮಾನ ಇರುವಾಗ ನಾಲ್ಕು ವರ್ಷದ ಕಾಲೇಜಿನ ಗ್ರೇಡಿಗೆ ತೂಕ ಜಾಸ್ತಿ.

ಎಸ್‌ಎಂಪಿ, ಅಂದರೆ ಸ್ಪೆಷಲ್ ಮಾಸ್ಟರ್ಸ್ ಪ್ರೋಗ್ರಾಂ. ಈ ಲೇಖನದ ಹೃದಯ ಇದೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಇದು ಸಾಮಾನ್ಯವಾಗಿ ಒಂದು ವರ್ಷದ, 30 ಕ್ರೆಡಿಟ್‌ಗೆ ಹತ್ತಿರದ ಓದು. ಥೀಸಿಸ್ ಇರುವುದಿಲ್ಲ, ಅಥವಾ ಹೆಸರಿಗೊಂದು ಪ್ರಾಜೆಕ್ಟ್ ಇರುತ್ತದೆ. ಮೆಡಿಕಲ್ ಅಥವಾ ಡೆಂಟಲ್ ಮೊದಲ ವರ್ಷದ ಪಾಠಗಳನ್ನೇ ಓದಿಸುತ್ತಾರೆ. ಕೆಲವು ಕಡೆ ಅದೇ ಕ್ಲಾಸಿನಲ್ಲಿ, ಅದೇ ಪರೀಕ್ಷೆ ಬರೆಸುತ್ತಾರೆ. "ನಮ್ಮ ಮೊದಲ ವರ್ಷದ ಮಕ್ಕಳ ಜೊತೆ ಕೂತು ಈ ಹುಡುಗಿ ಅವರಿಗಿಂತ ಚೆನ್ನಾಗಿ ಬರೆದಳು" ಅನ್ನುವ ಸಾಕ್ಷಿಗಿಂತ ದೊಡ್ಡ ಸಾಕ್ಷಿ ಅಡ್ಮಿಷನ್ ಕಮಿಟಿಗೆ ಬೇರೆ ಏನು ಬೇಕು?

ಕೆಲವು ಉದಾಹರಣೆ ನೋಡಿ. ಬಾಸ್ಟನ್ ಯೂನಿವರ್ಸಿಟಿಯಲ್ಲಿ ಓರಲ್ ಹೆಲ್ತ್ ಸೈನ್ಸಸ್ ಅನ್ನುವ ಮಾಸ್ಟರ್ಸ್ ಇದೆ. ಇದು ಡೆಂಟಲ್ ಸ್ಕೂಲ್ ಸೇರಬೇಕು ಅನ್ನುವವರಿಗೇ ಮಾಡಿದ್ದು. ಅಲ್ಲಿನ ಡೆಂಟಲ್ ವಿದ್ಯಾರ್ಥಿಗಳ ಪಾಠಗಳನ್ನೇ ಓದಿಸುತ್ತಾರೆ. ರಟ್ಗರ್ಸ್‌ನಲ್ಲಿ ಬಯೋಮೆಡಿಕಲ್ ಸೈನ್ಸಸ್ ಮಾಸ್ಟರ್ಸ್ ಇದೆ. ಅದರ ನ್ಯೂಅರ್ಕ್ ಕ್ಯಾಂಪಸ್ ಇರುವ ಊರಿನಲ್ಲೇ ರಟ್ಗರ್ಸ್ ಡೆಂಟಲ್ ಸ್ಕೂಲೂ ಇದೆ. ಮಿಡ್‌ವೆಸ್ಟರ್ನ್ ಯೂನಿವರ್ಸಿಟಿಗೆ ಇಲಿನಾಯ್‌ನ ಡೌನರ್ಸ್ ಗ್ರೋವ್‌ನಲ್ಲಿ ಒಂದು, ಅರಿಜೋನಾದ ಗ್ಲೆಂಡೇಲ್‌ನಲ್ಲಿ ಒಂದು ಡೆಂಟಲ್ ಸ್ಕೂಲ್. ಎರಡೂ ಕಡೆ ಬಯೋಮೆಡಿಕಲ್ ಸೈನ್ಸಸ್ ಮಾಸ್ಟರ್ಸ್ ಕೂಡ ಇದೆ.

ಇನ್ನು ಈ ಬಗೆಯ ಓದಿಗೆ ಎಸ್‌ಎಂಪಿ ಅನ್ನುವ ಹೆಸರು ತಂದುಕೊಟ್ಟ ಜಾರ್ಜ್‌ಟೌನ್. ಫಿಸಿಯಾಲಜಿಯ ಆ ಪ್ರೋಗ್ರಾಂ ಹೆಸರುವಾಸಿ. ಅಲ್ಲಿನ ಮೆಡಿಕಲ್ ವಿದ್ಯಾರ್ಥಿಗಳ ಜೊತೆ ಪೈಪೋಟಿ ಮಾಡಿ ಗೆದ್ದರೆ ಎಲ್ಲ ಕಡೆ ಮರ್ಯಾದೆ ಇದೆ. ಆದರೆ ಜಾರ್ಜ್‌ಟೌನ್ ತನ್ನ ಡೆಂಟಲ್ ಸ್ಕೂಲನ್ನು 1990ರಲ್ಲೇ ಮುಚ್ಚಿತು. ಹಾಗಾಗಿ "ಇಲ್ಲೇ ಓದಿದ್ದೇನೆ, ಇಲ್ಲೇ ಸೀಟು ಕೊಡಿ" ಅನ್ನುವ ಅನುಕೂಲ ಡೆಂಟಲ್ ಕಡೆ ಹೋಗುವವರಿಗೆ ಅಲ್ಲಿಲ್ಲ. ಮೆಡಿಕಲ್‌ಗೆ ಹೋಗುವ ಗೆಳೆಯರ ಪಟ್ಟಿಯನ್ನು ಕಾಪಿ ಮಾಡಬೇಡಿ ಅನ್ನುವುದು ಇದಕ್ಕೇ. ಅದೇ ಯೂನಿವರ್ಸಿಟಿಯಲ್ಲಿ ಡೆಂಟಲ್ ಸ್ಕೂಲ್ ಇದೆಯಾ ಅಂತ ಮೊದಲು ನೋಡಿ.

ಹಲವು ಎಸ್‌ಎಂಪಿಗಳು ಸೇರುವಾಗಲೇ 2.75 ಅಥವಾ 3.0 ಜಿಪಿಎ ಕೇಳುತ್ತವೆ. 2.8ರಿಂದ 3.3ರವರೆಗೆ ಇರುವವರಿಗೆ, ಕಡ್ಡಾಯ ಕೋರ್ಸುಗಳೆಲ್ಲ ಮುಗಿದಿರುವವರಿಗೆ ಇದು ಹೊಂದುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಥೀಸಿಸ್ ಇರುವ ಎಂಎಸ್. ಎರಡು ವರ್ಷ, ಕೆಲವೊಮ್ಮೆ ಮೂರು. ಬಯಾಲಜಿ, ಮೈಕ್ರೋಬಯಾಲಜಿ, ಬಯೋಮೆಟೀರಿಯಲ್ಸ್ ಹೀಗೆ. ಇದರ ದೊಡ್ಡ ಅನುಕೂಲ ದುಡ್ಡು. ಟೀಚಿಂಗ್ ಅಸಿಸ್ಟೆಂಟ್ ಕೆಲಸ ಸಿಕ್ಕರೆ ಫೀಸು ಮಾಫಿ ಆಗಿ ಕೈಗೂ ಸ್ವಲ್ಪ ಬರಬಹುದು. ಸಂಶೋಧನೆಗೆ ಬೆಲೆ ಕೊಡುವ ಶಾಲೆಗಳಲ್ಲಿ ಇದಕ್ಕೆ ತೂಕ ಇದೆ. ತೊಂದರೆ ಎರಡು. ಓದುವ ಕೋರ್ಸುಗಳು ಕಡಿಮೆ, ಹಾಗಾಗಿ ವಿಜ್ಞಾನದ ಗ್ರೇಡಿನ ಸಾಕ್ಷಿ ಚಿಕ್ಕದು. ಜೊತೆಗೆ ಥೀಸಿಸ್ ಯಾವಾಗ ಮುಗಿಯುತ್ತದೆ ಅನ್ನುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ, ಗೈಡ್ ಕೈಯಲ್ಲಿ ಇರುತ್ತದೆ. ಅರ್ಜಿಯಲ್ಲಿ ಮಾಸ್ಟರ್ಸ್ ನಡೆಯುತ್ತಿದೆ ಅಂತ ಬರೆದ ಮೇಲೆ ಕ್ಲಾಸ್ ಶುರುವಾಗುವ ಮೊದಲು ಅದು ಮುಗಿದಿರಲೇಬೇಕು ಅಂತ ಹೇಳುವ ಡೆಂಟಲ್ ಸ್ಕೂಲ್‌ಗಳಿವೆ. ಲ್ಯಾಬ್ ಕೆಲಸ ನಿಜಕ್ಕೂ ಇಷ್ಟ ಇದ್ದರೆ ಮಾತ್ರ ಈ ದಾರಿ.

ಎಂಪಿಎಚ್, ಅಂದರೆ ಪಬ್ಲಿಕ್ ಹೆಲ್ತ್ ಮಾಸ್ಟರ್ಸ್. ನಮ್ಮವರಲ್ಲಿ ಇದಕ್ಕೆ ಯಾಕೋ ವಿಪರೀತ ಬೇಡಿಕೆ. ಪಬ್ಲಿಕ್ ಹೆಲ್ತ್ ಒಳ್ಳೆಯ ವಿಷಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಪಿಡೆಮಿಯಾಲಜಿಯಲ್ಲಿ ಎ ಬಂದರೆ ಆರ್ಗಾನಿಕ್ ಕೆಮಿಸ್ಟ್ರಿಯ ಸಿ ಗೆ ಉತ್ತರ ಸಿಕ್ಕಂತಾಗುವುದಿಲ್ಲ. ಗ್ರೇಡು ಚೆನ್ನಾಗಿದ್ದು, ಹಳ್ಳಿಗಾಡಿನ ಅಥವಾ ಬಡವರ ಹಲ್ಲಿನ ಆರೋಗ್ಯದ ಬಗ್ಗೆ ಮೊದಲಿಂದ ಕೆಲಸ ಮಾಡಿದವರಿಗೆ ಎಂಪಿಎಚ್ ಅರ್ಜಿಯ ಕಥೆಯನ್ನು ಗಟ್ಟಿ ಮಾಡುತ್ತದೆ. ಅಂಥವರಿಗೂ ಒಂದು ಮಾತು: ಡೆಂಟಲ್ ಸ್ಕೂಲ್ ಸೇರಿದ ಮೇಲೆ ಡೆಂಟಲ್ ಜೊತೆಗೇ ಎಂಪಿಎಚ್ ಮಾಡುವ ಜೋಡಿ ಡಿಗ್ರಿಗಳು ಹಲವು ಕಡೆ ಇವೆ. ಈಗಲೇ ಎರಡು ವರ್ಷ ಕೊಡಬೇಕಿಲ್ಲ.

ಎಂಬಿಎ, ಹೆಲ್ತ್ ಅಡ್ಮಿನಿಸ್ಟ್ರೇಷನ್? ಸೀಟು ಸಿಗಲಿ ಅಂತ ಮಾಡುವುದಾದರೆ ಬೇಡ.

ಹೆಜ್ಜೆ 4: ಪ್ರೋಗ್ರಾಂಗೆ ಫೋನ್ ಮಾಡಿ, ಕಸಿವಿಸಿಯ ಪ್ರಶ್ನೆ ಕೇಳಿ

ವೆಬ್‌ಸೈಟುಗಳಲ್ಲಿ ನಗುವ ಮಕ್ಕಳ ಫೋಟೋ ಮತ್ತು "90 ಶೇಕಡಾ ಮಂದಿಗೆ ಪ್ರವೇಶ" ಥರದ ಸಾಲು ಇರುತ್ತದೆ. ಶೇಕಡಾ ಯಾವುದರ ಶೇಕಡಾ ಅನ್ನುವುದೇ ಪ್ರಶ್ನೆ. ಸೇರಿದವರಲ್ಲಾ, ಮುಗಿಸಿದವರಲ್ಲಾ, ಇಲ್ಲಾ 3.5 ಮೇಲೆ ತೆಗೆದವರಲ್ಲಾ? ಅದರಲ್ಲಿ ಡೆಂಟಲ್‌ಗೆ ಹೋದವರು ಎಷ್ಟು? ಎಷ್ಟೋ ಪ್ರೋಗ್ರಾಂಗಳು ಮೆಡಿಕಲ್, ಡೆಂಟಲ್, ಪಿಎ (ಫಿಜಿಷಿಯನ್ ಅಸಿಸ್ಟೆಂಟ್), ಫಾರ್ಮಸಿ ಎಲ್ಲ ಸೇರಿಸಿ ಒಂದೇ ಸಂಖ್ಯೆ ಹೇಳುತ್ತವೆ. "ಕಳೆದ ವರ್ಷ ಡೆಂಟಲ್ ಅಂತ ಸೇರಿದವರು ಎಷ್ಟು ಜನ, ಅವರಲ್ಲಿ ಸೀಟು ಸಿಕ್ಕಿದ್ದು ಎಷ್ಟು ಜನಕ್ಕೆ" ಅಂತ ನೇರವಾಗಿ ಕೇಳಿ. ಉತ್ತರ ಸುತ್ತಿಬಳಸಿ ಬಂದರೆ ಅದೂ ಒಂದು ಉತ್ತರವೇ.

ಲಿಂಕೇಜ್ ಇದೆಯಾ ಕೇಳಿ. ಅಂದರೆ ಇಂತಿಷ್ಟು ಜಿಪಿಎ, ಇಂತಿಷ್ಟು ಡ್ಯಾಟ್ ಬಂದರೆ ಅದೇ ಯೂನಿವರ್ಸಿಟಿಯ ಡೆಂಟಲ್ ಸ್ಕೂಲ್‌ನಲ್ಲಿ ಇಂಟರ್‌ವ್ಯೂ ಖಾತ್ರಿ ಅನ್ನುವ ಒಪ್ಪಂದ. ಖಾತ್ರಿ ಇಂಟರ್‌ವ್ಯೂಗಾ, ಸೀಟಿಗಾ ಅನ್ನುವುದನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಬೇಡ.

ಗ್ರೇಡು ಹೇಗೆ ಕೊಡುತ್ತಾರೆ? ಡೆಂಟಲ್ ವಿದ್ಯಾರ್ಥಿಗಳ ಸರಾಸರಿ ಮೇಲೆ ಎ, ಕೆಳಗೆ ಬಿ ಅಂತ ಕರ್ವ್ ಹಾಕುವ ಕಡೆ ಎ ತೆಗೆಯುವುದು ಹುಡುಗಾಟವಲ್ಲ. ಪಾಠಗಳು ನಿಜಕ್ಕೂ ಡೆಂಟಲ್ ಕ್ಲಾಸಿನವಾ ಅಥವಾ ಅದೇ ಹೆಸರಿನ ಬೇರೆ ಕೋರ್ಸಾ? ಪೂರ್ತಿ ಆನ್‌ಲೈನ್ ಆದರೆ ಲ್ಯಾಬ್ ಇದೆಯಾ? ನೀವು ಅರ್ಜಿ ಹಾಕುವ ಶಾಲೆಗಳು ಆನ್‌ಲೈನ್ ವಿಜ್ಞಾನವನ್ನು ಒಪ್ಪುತ್ತವಾ? ಡೆಂಟಲ್‌ಗೆ ಹೋಗುವವರಿಗೆ ಸಲಹೆ ಕೊಡಲು ಬೇರೆ ಅಡ್ವೈಸರ್ ಇದ್ದಾರಾ? ಕಮಿಟಿ ಪತ್ರ, ಅಂದರೆ ಸಲಹಾ ಸಮಿತಿಯೇ ಸೇರಿ ಕೊಡುವ ಶಿಫಾರಸು ಪತ್ರ, ಬರೆದುಕೊಡುತ್ತಾರಾ? ಈ ಕೊನೆಯದಕ್ಕೆ ಬೆಲೆ ಇದೆ. ಆಡ್ಸಾಸ್‌ನಲ್ಲಿ ಶಿಫಾರಸು ಪತ್ರಗಳು ಗರಿಷ್ಠ ನಾಲ್ಕು, ಅದರಲ್ಲಿ ಪ್ರತಿಯೊಂದೂ ಲೆಕ್ಕಕ್ಕೆ ಬರಬೇಕು.

ಆಮೇಲೆ ಹಳೆಯ ವಿದ್ಯಾರ್ಥಿ ಒಬ್ಬರನ್ನು ಹುಡುಕಿ ಮಾತಾಡಿ. ಪ್ರೋಗ್ರಾಂನವರೇ ಕೊಟ್ಟ ಹೆಸರಾದರೆ ಸೀಟು ಸಿಕ್ಕವರೇ ಆಗಿರುತ್ತಾರೆ, ಅಲ್ವಾ? ಲಿಂಕ್ಡ್‌ಇನ್‌ನಲ್ಲಿ ನೀವೇ ಹುಡುಕಿದರೆ ಸೀಟು ಸಿಗದವರೂ ಸಿಗುತ್ತಾರೆ. ಅವರ ಮಾತು ಹೆಚ್ಚು ಉಪಯೋಗ.

ಹೆಜ್ಜೆ 5: ಕ್ಯಾಲೆಂಡರ್ ಮುಂದೆ ಇಟ್ಟುಕೊಳ್ಳಿ

ಇಲ್ಲಿ ಎಡವುವವರೇ ಜಾಸ್ತಿ. ಒಂದು ವರ್ಷದ ಎಸ್‌ಎಂಪಿ ಆಗಸ್ಟ್‌ನಲ್ಲಿ ಶುರುವಾಗಿ ಮುಂದಿನ ಮೇ ತಿಂಗಳಲ್ಲಿ ಮುಗಿಯುತ್ತದೆ. ಅದೇ ಮುಂದಿನ ಆಗಸ್ಟ್‌ಗೆ ಡೆಂಟಲ್ ಸ್ಕೂಲ್ ಸೇರಬೇಕು ಅಂದರೆ ಅರ್ಜಿಯನ್ನು ಎಸ್‌ಎಂಪಿ ಶುರುವಾಗುವ ಮೊದಲೇ, ಜೂನ್‌ನಲ್ಲೇ ಹಾಕಬೇಕು. ಆಗ ಅರ್ಜಿಯಲ್ಲಿ ಮಾಸ್ಟರ್ಸ್‌ನ ಒಂದು ಗ್ರೇಡೂ ಇರುವುದಿಲ್ಲ. ಶಾಲೆಗಳು ನೋಡುವುದು ಹಳೆಯ ಸಂಖ್ಯೆಯನ್ನೇ. ಮೊದಲ ಸೆಮಿಸ್ಟರ್ ಗ್ರೇಡು ಡಿಸೆಂಬರ್ ಕೊನೆಗೆ ಬಂದಾಗ ಆಡ್ಸಾಸ್‌ನಲ್ಲಿ ಸೇರಿಸಿ ಶಾಲೆಗಳಿಗೆ ಅಪ್‌ಡೇಟ್ ಕಳಿಸಬಹುದು. ಅಷ್ಟರಲ್ಲಿ, ಡಿಸೆಂಬರ್ ಮಧ್ಯದಿಂದಲೇ ಸೀಟಿನ ಪತ್ರಗಳು ಹೊರಟಿರುತ್ತವೆ.

ಇನ್ನೊಂದು ದಾರಿ ಎಂದರೆ ಎಸ್‌ಎಂಪಿ ಮುಗಿಸಿ, ಪೂರ್ತಿ ಗ್ರೇಡು ಕೈಯಲ್ಲಿ ಹಿಡಿದು ಜೂನ್‌ನಲ್ಲಿ ಅರ್ಜಿ ಹಾಕುವುದು. ಮಧ್ಯೆ ಒಂದು ವರ್ಷ ಖಾಲಿ. ಆ ವರ್ಷ ಡೆಂಟಲ್ ಅಸಿಸ್ಟೆಂಟ್ ಆಗಿ ಕೆಲಸ ಮಾಡಬಹುದು. ಜಿಪಿಎ 3.2ಕ್ಕಿಂತ ಕೆಳಗಿದ್ದರೆ ನಾನು ಈ ಎರಡನೆಯದನ್ನೇ ಹೇಳುತ್ತೇನೆ. ಒಂದು ಸಲ ತಿರಸ್ಕಾರವಾದ ಅರ್ಜಿಯನ್ನೇ ಮತ್ತೆ ಹಾಕುವುದಕ್ಕಿಂತ ಒಂದು ವರ್ಷ ತಡ ಮಾಡಿ ಗಟ್ಟಿ ಅರ್ಜಿ ಹಾಕುವುದು ಲೇಸು. ಒಂದೇ ವಿನಾಯಿತಿ ಲಿಂಕೇಜ್. ಕೆಲವು ಲಿಂಕೇಜ್‌ಗಳು ಎಸ್‌ಎಂಪಿ ನಡೆಯುವ ವರ್ಷದಲ್ಲೇ ಅರ್ಜಿ ಇರಬೇಕು ಅನ್ನುತ್ತವೆ. ಹಾಗಿದ್ದರೆ ಆ ಶಾಲೆಗೂ, ಇನ್ನೊಂದೆರಡು ಶಾಲೆಗೂ ಮಾತ್ರ ಹಾಕಿ.

ಮಾಸ್ಟರ್ಸ್ ನಡೆಯುವಾಗಲೇ ಡ್ಯಾಟ್‌ಗೆ ಓದುತ್ತೇನೆ ಅನ್ನುವ ಯೋಜನೆ ಬೇಡ. ಎರಡೂ ಕೆಡುತ್ತವೆ. ಡ್ಯಾಟ್ ಮೊದಲೇ ಮುಗಿಸಿ, ಇಲ್ಲವೇ ಆಮೇಲಿನ ಬೇಸಿಗೆಗೆ ಇಡಿ.

ಹೆಜ್ಜೆ 6: ಸಾಲದ ಹೊಸ ನಿಯಮ ಓದಿ

2025ರ ಜುಲೈನಲ್ಲಿ ಸಹಿಯಾದ ಕಾನೂನು ಇಡೀ ಲೆಕ್ಕವನ್ನೇ ಬದಲಿಸಿದೆ. ಮೊದಲು ಗ್ರಾಡ್ ಪ್ಲಸ್ ಅನ್ನುವ ಫೆಡರಲ್ ಸಾಲದಲ್ಲಿ ಓದಿನ ಪೂರ್ತಿ ಖರ್ಚಿನವರೆಗೆ ತೆಗೆಯಬಹುದಿತ್ತು. 2026ರ ಜುಲೈ 1ರಿಂದ ಹೊಸದಾಗಿ ಸಾಲ ಮಾಡುವವರಿಗೆ ಅದು ಇಲ್ಲ. ಸಾಮಾನ್ಯ ಗ್ರಾಜುಯೇಟ್ ಓದಿಗೆ ವರ್ಷಕ್ಕೆ 20,500 ಡಾಲರ್, ಒಟ್ಟು 1 ಲಕ್ಷ ಡಾಲರ್ ಮಿತಿ. ಡೆಂಟಲ್ ಥರದ ಪ್ರೊಫೆಷನಲ್ ಓದಿಗೆ ವರ್ಷಕ್ಕೆ 50,000, ಒಟ್ಟು 2 ಲಕ್ಷ ಡಾಲರ್. ಮಾಸ್ಟರ್ಸ್‌ಗೆ ತೆಗೆದ ಫೆಡರಲ್ ಸಾಲ ಆ 2 ಲಕ್ಷದಲ್ಲೇ ಕಡಿಮೆಯಾಗುತ್ತದೆ.

ಡೆಂಟಲ್ ಮುಗಿಸುವಾಗ ಸಾಲ ಇರುವವರ ತಲೆಯ ಮೇಲೆ ಸರಾಸರಿ ಸುಮಾರು 3 ಲಕ್ಷ ಡಾಲರ್ ಇರುತ್ತದೆ. ಅಂದರೆ ಫೆಡರಲ್ ಮಿತಿ ಮೊದಲೇ ಸಾಲದು. ಅದರಲ್ಲಿ ಮಾಸ್ಟರ್ಸ್ ಒಂದು ತುತ್ತು ತಿಂದರೆ ಮುಂದೆ ಖಾಸಗಿ ಬ್ಯಾಂಕಿನ ಸಾಲ, ಅದಕ್ಕೆ ಅಪ್ಪನೋ ಅಮ್ಮನೋ ಜೊತೆ ಸಹಿ. ಹಾಗಾಗಿ ಎಸ್‌ಎಂಪಿಗೆ 50,000 ಡಾಲರ್ ಅಂತ ಕಂಡಾಗ, ಸ್ಟೇಟ್ ಯೂನಿವರ್ಸಿಟಿಯ ಪೋಸ್ಟ್‌ಬ್ಯಾಕ್‌ಗೆ ಎಷ್ಟು ಅನ್ನುವುದನ್ನು ಪಕ್ಕದಲ್ಲಿ ಬರೆದು ನೋಡಿ. ಮನೆಯಿಂದಲೇ ಓಡಾಡಿ ಓದಿದರೆ ಉಳಿಯುವ ಬಾಡಿಗೆಯೂ ಸೇರಲಿ.

ವೀಸಾ ಮೇಲೆ ಇರುವ ಮಕ್ಕಳಿಗೆ ಇದು ಇನ್ನೂ ಕಷ್ಟ. ಅಪ್ಪ ಅಮ್ಮ ಎಚ್-1ಬಿ ಕೆಲಸದ ವೀಸಾ ಮೇಲೆ ಇದ್ದು, ಗ್ರೀನ್ ಕಾರ್ಡ್ ಸರದಿ ಬರದೆ, ಮಗು ಅವರನ್ನು ಅವಲಂಬಿಸಿದ ಎಚ್-4 ವೀಸಾದಲ್ಲಿ ಬೆಳೆದು 21 ತುಂಬಿದರೆ ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಗಬೇಕು. ಫೆಡರಲ್ ಸಾಲ ಸಿಗುವುದಿಲ್ಲ. ಸರ್ಕಾರಿ ಡೆಂಟಲ್ ಸ್ಕೂಲ್‌ಗಳಲ್ಲಿ ಹಲವು ಅಂತರರಾಷ್ಟ್ರೀಯ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವುದೇ ಇಲ್ಲ. ಒಂದೊಂದೇ ಕೋರ್ಸ್ ಆರಿಸಿ ಓದುವ ಪೋಸ್ಟ್‌ಬ್ಯಾಕ್‌ಗೆ ಸಾಮಾನ್ಯವಾಗಿ ಐ-20 (ವಿದ್ಯಾರ್ಥಿ ವೀಸಾಗೆ ಬೇಕಾದ ಕಾಲೇಜಿನ ಪತ್ರ) ಕೊಡುವುದಿಲ್ಲ. ಹಾಗಾಗಿ ಇವರಿಗೆ ಮಾಸ್ಟರ್ಸ್ ಅನ್ನುವುದು ಅಂಕದ ಪ್ರಶ್ನೆ ಮಾತ್ರವಲ್ಲ, ಇಲ್ಲಿ ಉಳಿಯುವ ದಾರಿಯೂ ಹೌದು. ಇಂಥವರು ಉಲ್ಟಾ ಕಡೆಯಿಂದ ಶುರು ಮಾಡಬೇಕು. ತಮ್ಮನ್ನು ತೆಗೆದುಕೊಳ್ಳುವ ಡೆಂಟಲ್ ಸ್ಕೂಲ್‌ಗಳ ಪಟ್ಟಿ ಮೊದಲು, ಅವಕ್ಕೆ ಹೊಂದುವ ಮಾಸ್ಟರ್ಸ್ ಆಮೇಲೆ.

ಹೆಜ್ಜೆ 7: ಸೇರಿದ ಮೇಲೆ

ಎಸ್‌ಎಂಪಿಯಲ್ಲಿ ಬಿ ಒಳ್ಳೆಯ ಗ್ರೇಡಲ್ಲ. ಗ್ರಾಜುಯೇಟ್ ಓದಿನಲ್ಲಿ 3.0 ಅಂದರೆ ಪಾಸು ಅಂತ, ಅಷ್ಟೇ. 3.7ರ ಮೇಲೆ ಇದ್ದರೆ ಮಾತ್ರ ಹಾಕಿದ ದುಡ್ಡಿಗೆ ಅರ್ಥ. ಇಲ್ಲಿ 3.1 ಬಂದರೆ ಮೊದಲಿಗಿಂತ ಕೆಟ್ಟ ಸ್ಥಿತಿ, ಯಾಕೆಂದರೆ ಇದ್ದ ಅನುಮಾನ ಈಗ ಸಾಬೀತಾಗಿಬಿಡುತ್ತದೆ. ಅಂಡರ್‌ಗ್ರಾಡ್‌ನಲ್ಲಿ ಗ್ರೇಡು ಯಾಕೆ ಕೆಟ್ಟಿತು ಅನ್ನುವ ಕಾರಣ ಸರಿಯಾಗದೆ, ಅದು ಕಾಯಿಲೆಯೋ, ಮನೆಯ ತೊಂದರೆಯೋ, ಓದುವ ರೀತಿಯೋ, ಯಾವ ಮಾಸ್ಟರ್ಸ್‌ಗೂ ಸೇರಬೇಡಿ. ಆರು ತಿಂಗಳು ಕೆಲಸ ಮಾಡಿ, ಸುಧಾರಿಸಿಕೊಂಡು ಸೇರಿ.

ಮೊದಲ ತಿಂಗಳಲ್ಲೇ ಇಬ್ಬರು ಪ್ರೊಫೆಸರುಗಳ ಆಫೀಸ್ ಅವರ್ಸ್‌ಗೆ ಹೋಗಲು ಶುರು ಮಾಡಿ. ಮೇ ತಿಂಗಳಲ್ಲಿ ಪತ್ರ ಕೇಳುವಾಗ ಅವರಿಗೆ ನಿಮ್ಮ ಮುಖ ನೆನಪಿರಬೇಕು.

ಪರ್ಸನಲ್ ಸ್ಟೇಟ್‌ಮೆಂಟ್‌ಗೆ ಆಡ್ಸಾಸ್ ಕೊಡುವುದು ಖಾಲಿ ಜಾಗವೂ ಸೇರಿ 4,500 ಅಕ್ಷರ. ಅದರಲ್ಲಿ ಹಳೆಯ ಗ್ರೇಡಿನ ಬಗ್ಗೆ ಎರಡು ಮೂರು ಸಾಲು ಸಾಕು. ಏನಾಯಿತು, ಏನು ಬದಲಾಯಿಸಿಕೊಂಡೆ, ಈಗಿನ ಗ್ರೇಡು ಏನು. ಉಳಿದದ್ದೆಲ್ಲ ಡೆಂಟಿಸ್ಟ್ ಯಾಕೆ ಆಗಬೇಕು ಅನ್ನುವುದಕ್ಕೆ ಇರಲಿ.

ಬಿಡಿಎಸ್ ಮುಗಿಸಿ ಬಂದವರಿಗೆ

ಬೆಂಗಳೂರು, ದಾವಣಗೆರೆ, ಮಂಗಳೂರು, ಬೆಳಗಾವಿ, ಧಾರವಾಡದಿಂದ ಬಿಡಿಎಸ್ ಮುಗಿಸಿ ಬಂದವರಿಗೆ ಮೇಲಿನ ಸಲಹೆಗಳಲ್ಲಿ ಅರ್ಧಕ್ಕರ್ಧ ಹೊಂದುವುದಿಲ್ಲ. ನಿಮಗೆ ಡ್ಯಾಟ್ ಬೇಡ, ಡೆಂಟಿಸ್ಟ್ ಲೈಸೆನ್ಸ್‌ಗೆ ನಡೆಯುವ ಐಎನ್‌ಬಿಡಿಇ ಪರೀಕ್ಷೆ ಬೇಕು. ಆಡ್ಸಾಸ್ ಬದಲು ಕ್ಯಾಪಿಡ್ ಅನ್ನುವ ಅರ್ಜಿ. ನಾಲ್ಕು ವರ್ಷದ ಬದಲು ಎರಡರಿಂದ ಮೂರು ವರ್ಷದ ಅಡ್ವಾನ್ಸ್ಡ್ ಸ್ಟ್ಯಾಂಡಿಂಗ್ ಓದು, ಅಂದರೆ ನಿಮ್ಮ ಬಿಡಿಎಸ್ ಲೆಕ್ಕಕ್ಕೆ ಹಿಡಿದು ಮುಂದಿನ ಹಂತಕ್ಕೆ ಸೇರಿಸಿಕೊಳ್ಳುವುದು. ಅನಾಟಮಿ, ಫಿಸಿಯಾಲಜಿ ನಿಮಗೆ ಬರುತ್ತದೆ ಅನ್ನುವುದನ್ನು ಎಸ್‌ಎಂಪಿ ಮಾಡಿ ತೋರಿಸಬೇಕಿಲ್ಲ. ಐಎನ್‌ಬಿಡಿಇ ಪಾಸಾದರೆ ಆ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಹಾಗಾದರೆ ಎಂಪಿಎಚ್ ಅಥವಾ ಎಂಎಸ್‌ನಿಂದ ನಿಮಗೆ ಏನು ಲಾಭ? ಅಮೆರಿಕದ ಗ್ರೇಡು, ಇಲ್ಲಿನ ಪ್ರೊಫೆಸರುಗಳ ಪತ್ರ, ಇಲ್ಲಿನ ಕ್ಲಿನಿಕ್‌ಗಳ ಪರಿಚಯ, ಎಫ್-1 ವೀಸಾ ಮತ್ತು ಓದಿದ ಮೇಲೆ ಒಂದು ವರ್ಷದ ಒಪಿಟಿ, ಅಂದರೆ ಇಲ್ಲಿ ಕೆಲಸ ಮಾಡಲು ಅನುಮತಿ. ಇಷ್ಟು ನಿಜವಾದ ಲಾಭ. ಎಪಿಡೆಮಿಯಾಲಜಿ, ಬಯೋಸ್ಟ್ಯಾಟಿಸ್ಟಿಕ್ಸ್ ಥರದ ಸ್ಟೆಮ್ ಕೋಡ್ (ವಿಜ್ಞಾನ, ತಂತ್ರಜ್ಞಾನದ ವಿಷಯ ಅನ್ನುವ ಸರ್ಕಾರಿ ಗುರುತು) ಇರುವ ಓದಾದರೆ ಒಪಿಟಿ ಮೇಲೆ ಇನ್ನೂ 24 ತಿಂಗಳು ಸಿಗಬಹುದು. ಸಾಮಾನ್ಯ ಎಂಪಿಎಚ್‌ಗೆ ಇದು ಹೆಚ್ಚಾಗಿ ಇರುವುದಿಲ್ಲ. ಸೇರುವ ಮೊದಲು ಐ-20ಯಲ್ಲಿ ಯಾವ ಕೋಡ್ ಬರುತ್ತದೆ ಅಂತ ಕೇಳಿ. ಎರಡು ಮೂರು ಸಲ ಕ್ಯಾಪಿಡ್ ಹಾಕಬೇಕಾದರೆ ಆ 24 ತಿಂಗಳು ಬಹಳ ದೊಡ್ಡದು.

ಯೂನಿವರ್ಸಿಟಿ ಆರಿಸುವಾಗ ಅದರದ್ದೇ ಡೆಂಟಲ್ ಸ್ಕೂಲ್ ಇರುವುದನ್ನು ಆರಿಸಿ. ಅಲ್ಲಿನ ಫ್ಯಾಕಲ್ಟಿಯ ರಿಸರ್ಚ್‌ಗೆ ಕೈ ಜೋಡಿಸಬಹುದು, ಅವರ ಪತ್ರಕ್ಕೆ ಬೇರೆಯೇ ತೂಕ. ಹಲವು ಶಾಲೆಗಳು ಬೆಂಚ್ ಟೆಸ್ಟ್ ಇಡುತ್ತವೆ, ಅಂದರೆ ಕೃತಕ ಹಲ್ಲಿನ ಮೇಲೆ ಕ್ರೌನ್ ಪ್ರಿಪ್, ಫಿಲ್ಲಿಂಗ್ ಮಾಡಿ ತೋರಿಸಬೇಕು. ಎರಡು ವರ್ಷ ಬರೀ ಸ್ಟ್ಯಾಟಿಸ್ಟಿಕ್ಸ್ ಮಾಡಿದ ಕೈ ಇಲ್ಲಿ ನಡುಗುತ್ತದೆ. ಟೈಪೋಡಾಂಟ್ (ಅಭ್ಯಾಸಕ್ಕೆ ಮಾಡಿದ ಕೃತಕ ದವಡೆ) ತೆಗೆದುಕೊಂಡು ವಾರಕ್ಕೆ ಒಂದೆರಡು ದಿನ ಅಭ್ಯಾಸ ಬಿಡಬೇಡಿ. ಊರು ಬಿಡುವ ಮೊದಲೇ ರಾಜೀವ್ ಗಾಂಧಿ ಯೂನಿವರ್ಸಿಟಿಯೋ, ನಿಮ್ಮ ಡೀಮ್ಡ್ ಯೂನಿವರ್ಸಿಟಿಯೋ, ಅಲ್ಲಿಂದ ಸೀಲ್ ಮಾಡಿದ ಟ್ರಾನ್ಸ್‌ಕ್ರಿಪ್ಟ್ ಎರಡು ಮೂರು ಪ್ರತಿ ಜಾಸ್ತಿಯೇ ತನ್ನಿ. ಡೀನ್ ಪತ್ರವನ್ನೂ ಆಗಲೇ ಕೇಳಿ. ಇಲ್ಲಿಗೆ ಬಂದ ಮೇಲೆ ಅದಕ್ಕಾಗಿ ರಾಜೀವ್ ಗಾಂಧಿ ಯೂನಿವರ್ಸಿಟಿಯ ಜಯನಗರದ ಆಫೀಸಿಗೆ ಅಣ್ಣನನ್ನೋ ಮಾವನನ್ನೋ ನಾಲ್ಕು ಸಲ ಓಡಾಡಿಸಬೇಕಾಗುತ್ತದೆ.